ತುರುಕಿದ್ದೋ, ಇದ್ದದ್ದೋ? ಐದು ಗೇಮ್‌ಗಳಲ್ಲಿ ಯಾವುದನ್ನು ಆರಿಸಬೇಕು

ಅಕ್ಕನ ಮಗ ಕಾರವಾರದಲ್ಲಿ ಓದುತ್ತಿದ್ದಾನೆ. ಮಳೆಗಾಲದ ರಜೆಗೆ ಶಿರಸಿಗೆ ಬಂದವನು ಒಂದು ಪ್ರಶ್ನೆ ಹಿಡಿದುಕೊಂಡೇ ಬಂದ. ಕೂಡಿಟ್ಟ ದುಡ್ಡಿನಲ್ಲಿ ಒಂದು ಗೇಮ್ ಕೊಳ್ಳಬೇಕು, ಯಾವುದು ಅಂತ ಹೇಳು ಮಾವ, ಅಂದ. ನಾನು ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್ ಹೆಸರು ಹೇಳಿದೆ. ತಕ್ಷಣ ತಲೆ ಅಲ್ಲಾಡಿಸಿದ.

"ಅದು ಬೇಡ ಮಾವ. ಜಪಾನಿನ ಕಥೆಯಲ್ಲಿ ಒಬ್ಬ ಕಪ್ಪು ಸಮುರಾಯ್‌ನನ್ನು ಸುಮ್ನೆ ತುರುಕಿದ್ದಾರೆ."

ಜೊತೆಗೆ ಬಂದಿದ್ದ ಅವನ ರೂಮ್‌ಮೇಟ್ ಚಹಾ ಕುಡಿಯುತ್ತ ಕೂತಿದ್ದ. ಯಲ್ಲಾಪುರದ ಕಡೆಯ ಸಿದ್ದಿ ಹುಡುಗ, ಬಹಳ ಹಿಂದೆ ಆಫ್ರಿಕಾದಿಂದ ಬಂದವರ ಪೀಳಿಗೆಯವನು. ಅವನು ಏನೂ ಹೇಳಲಿಲ್ಲ. ಸಂಜೆ ಅಳಿಯ ಹೊರಗೆ ಹೋದಾಗ ಮಾತ್ರ ನನ್ನ ಹತ್ತಿರ ಮೆಲ್ಲಗೆ ಹೇಳಿದ: "ನಾನು ಬಸ್ಸಿನಲ್ಲಿ ಟಿಕೆಟ್ ಕೇಳಿದ್ರೆ ಜನ ತಿರುಗಿ ನೋಡ್ತಾರೆ. ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀಯ, ಯಾವ ದೇಶ ಅಂತಾರೆ. ನಮ್ಮಜ್ಜ ಹುಟ್ಟಿದ್ದೂ ಇಲ್ಲೇ."

ಆ ಮಾತು ಕೇಳಿದ ಮೇಲೆ ಈ ಮಾರ್ಗದರ್ಶಿ ಬರೆಯಬೇಕು ಅನ್ನಿಸಿತು. ಗ್ರಾಫಿಕ್ಸ್ ಹೇಗಿದೆ, ಎಷ್ಟು ತಾಸಿನ ಆಟ ಅನ್ನುವುದನ್ನು ಬೇಕಾದಷ್ಟು ಜನ ಹೇಳುತ್ತಾರೆ. ನಾನು ಶ್ಯಾಡೋಸ್, ಕಿಂಗ್‌ಡಮ್ ಕಮ್ ಡೆಲಿವರೆನ್ಸ್ 2, ಅನ್‌ಚಾರ್ಟೆಡ್ ದಿ ಲಾಸ್ಟ್ ಲೆಗಸಿ, ವೆನ್ಬಾ, ರಾಜಿ ಅನ್ನುವ ಐದು ಗೇಮ್‌ಗಳನ್ನು ಹೋಲಿಸುವುದು ಒಂದೇ ವಿಷಯದಲ್ಲಿ. ಬೇರೆ ಬೇರೆ ಬಣ್ಣದ, ಊರಿನ, ಲಿಂಗದ ಪಾತ್ರಗಳು ಒಂದು ಗೇಮ್‌ನಲ್ಲಿ ಬಂದಾಗ ಅದು ನಿಜವಾಗಿಯೂ ತುರುಕಿದ್ದೋ, ಅಥವಾ ಮೊದಲೇ ಅಲ್ಲಿದ್ದದ್ದು ನಮ್ಮ ಕಣ್ಣಿಗೆ ಹೊಸದಾಗಿ ಬಿತ್ತೋ?

ತುರುಕಿದ್ದು ಅನ್ನುವುದು ಎಲ್ಲ ಸಲವೂ ಸುಳ್ಳು ಆರೋಪವಲ್ಲ. ಅದನ್ನು ಮೊದಲೇ ಹೇಳುತ್ತೇನೆ. 2017ರಲ್ಲಿ ಬಂದ ಮಾಸ್ ಎಫೆಕ್ಟ್ ಆ್ಯಂಡ್ರೊಮಿಡಾದಲ್ಲಿ ಹೇನ್ಲಿ ಏಬ್ರಮ್ಸ್ ಅನ್ನುವ ಟ್ರಾನ್ಸ್ ಮಹಿಳೆಯ ಪಾತ್ರ ಇದೆ. ಮೊದಲ ಭೇಟಿ. ಪರಿಚಯವಾಗಿ ಎರಡು ನಿಮಿಷ ಆಗಿಲ್ಲ. ಅಷ್ಟರಲ್ಲೇ ಅವಳು ತನ್ನ ಹಳೆಯ ಗಂಡು ಹೆಸರನ್ನು ನಿಮಗೆ ಹೇಳಿಬಿಡುತ್ತಾಳೆ. ಬದುಕಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಟ್ರಾನ್ಸ್ ಆಟಗಾರರೇ ಇದಕ್ಕೆ ಬೇಸರ ಮಾಡಿಕೊಂಡರು. ಕಂಪನಿ ಕ್ಷಮೆ ಕೇಳಿತು. ಆ ಪಾತ್ರಕ್ಕೆ ನಿಮ್ಮ ಮೇಲೆ ನಂಬಿಕೆ ಬಂದ ಮೇಲಷ್ಟೇ ಆ ಮಾತು ಬರುವಂತೆ ಅದೇ ವರ್ಷ ತಿದ್ದಿತು. ಪಾತ್ರವನ್ನು ತೆಗೆದುಹಾಕಲಿಲ್ಲ ಅನ್ನುವುದನ್ನು ಗಮನಿಸಿ. ತಪ್ಪು ಅವಳು ಅಲ್ಲಿದ್ದದ್ದಲ್ಲ. ಅವಳ ಬಾಯಿಗೆ ಕೊಟ್ಟ ಮಾತು ತಪ್ಪಾಗಿತ್ತು.

ಇನ್ನೊಂದು ಉದಾಹರಣೆ 2018ರ ಬ್ಯಾಟಲ್‌ಫೀಲ್ಡ್ 5. ಎರಡನೇ ಮಹಾಯುದ್ಧದ ಗೇಮ್‌ನಲ್ಲಿ ಹೆಂಗಸರು ಯಾಕೆ ಅಂತ ದೊಡ್ಡ ಗಲಾಟೆಯೇ ಆಯಿತು. ಆ ಗಲಾಟೆಯ ಬಹುಪಾಲು ನನಗೆ ಹಿಡಿಸಲಿಲ್ಲ. ಆ ಯುದ್ಧದಲ್ಲಿ ಲುಡ್ಮಿಲಾ ಪಾವ್ಲಿಚೆಂಕೊ ಅನ್ನುವ ಸೋವಿಯತ್ ಸ್ನೈಪರ್ ಹೆಸರಿನಲ್ಲಿ 309 ಶತ್ರುಗಳ ಲೆಕ್ಕ ಇದೆ. ಹೆಂಗಸರು ಯುದ್ಧದಲ್ಲಿ ಇರಲಿಲ್ಲ ಅನ್ನುವುದು ಸುಳ್ಳು. ಆದರೆ ಗೇಮ್ ಮಾಡಿದವರು ಆ ನಿಜದ ಕಥೆಯನ್ನು ಎತ್ತಿಕೊಳ್ಳಲಿಲ್ಲ. ನಾರ್ವೆಯ ಭಾರಜಲ ಕಾರ್ಖಾನೆಗೆ 1943ರಲ್ಲಿ ಹಿಮದಲ್ಲಿ ಸ್ಕೀ ಮಾಡಿಕೊಂಡು ಹೋಗಿ ಸ್ಫೋಟ ಮಾಡಿದ ನಾರ್ವೆಯ ಕಮಾಂಡೋಗಳ ಸಾಹಸವನ್ನು ತೆಗೆದುಕೊಂಡು, ಅವರ ಜಾಗದಲ್ಲಿ ಕಲ್ಪನೆಯ ಒಬ್ಬ ಹುಡುಗಿಯನ್ನು ಇಟ್ಟರು. ಇದ್ದವರ ಹೆಸರು ಅಳಿಸಿದಂತಾಯಿತು, ಇದ್ದ ಹೆಂಗಸರ ಕಥೆಯೂ ಬರಲಿಲ್ಲ. ಇದನ್ನು ತುರುಕಿದ್ದು ಅಂದರೆ ನಾನು ಒಪ್ಪುತ್ತೇನೆ.

ಹಾಗಾದರೆ ಅಳತೆ ಏನು?

ನಮ್ಮ ಕಡೆ ಯಕ್ಷಗಾನದ ಆಟ ನೋಡುತ್ತ ಬೆಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ತಾಸುಗಟ್ಟಲೆ ಕೂತು ಬಣ್ಣ ಬಳಿದುಕೊಂಡು ವೇಷ ಕಟ್ಟಿರಬಹುದು. ಕಿರೀಟ, ಭುಜಕೀರ್ತಿ ಎಲ್ಲ ಒಪ್ಪವಾಗಿರಬಹುದು. ಆದರೆ ರಂಗಕ್ಕೆ ಬಂದ ಮೇಲೆ ಹಾಡುವ ಭಾಗವತರು ಆ ವೇಷಕ್ಕೆ ಒಂದು ಪದ್ಯವನ್ನೂ ಹೇಳದಿದ್ದರೆ? ಅರ್ಥ ಹೇಳಲು, ಅಂದರೆ ಮಾತಾಡಲು, ಅವಕಾಶವೇ ಇಲ್ಲದಿದ್ದರೆ? ಮೂಲೆಯಲ್ಲಿ ನಿಂತು ಹಾಗೇ ಒಳಗೆ ಹೋದರೆ, ಈ ವೇಷ ಯಾಕೆ ಬಂತು ಅಂತ ಎದುರು ಕೂತವರಿಗೆ ಅನ್ನಿಸಿಯೇ ಅನ್ನಿಸುತ್ತದೆ. ಅದೇ ವೇಷಕ್ಕೆ ಎರಡು ಒಳ್ಳೆಯ ಪದ್ಯ ಕೊಟ್ಟು ನೋಡಿ. ಬೆಳಗಿನವರೆಗೂ ಜನ ಅವರ ಬಗ್ಗೆಯೇ ಮಾತಾಡುತ್ತಾರೆ.

ಹಾಗಾಗಿ ಗೇಮ್‌ನಲ್ಲೂ ನಾನು ಮೊದಲು ನೋಡುವುದು ಇದನ್ನೇ. ಆ ಪಾತ್ರಕ್ಕೆ ಪದ್ಯ ಇದೆಯೇ? ಕಥೆಯಲ್ಲಿ ಅವರಿಗೆ ಮಾಡಲು ಕೆಲಸ, ಬೇಕು ಬೇಡ, ತಪ್ಪು ಸರಿ ಇದೆಯೇ? ಎರಡನೆಯದು, ಯಾರ ಕಥೆಯೋ ಅವರನ್ನು ಕೂರಿಸಿ ಕೇಳಿದ್ದಾರೆಯೇ? 2014ರ ನೆವರ್ ಅಲೋನ್ ಅನ್ನುವ ಸಣ್ಣ ಗೇಮ್ ಇದಕ್ಕೆ ಒಳ್ಳೆಯ ಮಾದರಿ. ಅಲಾಸ್ಕಾದ ಇನುಪಿಯಾಕ್ ಜನರ ಕಥೆ ಅದು. ಅಲ್ಲಿಯ ಮೂಲನಿವಾಸಿಗಳ ಸಂಸ್ಥೆಯೇ ಪಾಲುದಾರನಾಗಿ, ಹಿರಿಯರ ಜೊತೆ ಕೂತು ಮಾಡಿಸಿದ ಗೇಮ್. ಕಥೆ ಹೇಳುವ ದನಿಯೂ ಅವರ ಭಾಷೆಯಲ್ಲೇ ಇದೆ. ಮೂರನೆಯ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಬೇಕು. ಇದು ಸುಳ್ಳೋ, ಅಥವಾ ನನಗೆ ಗೊತ್ತಿಲ್ಲದ್ದೋ? ಎರಡೂ ಒಂದೇ ಅಲ್ಲ.

ಶ್ಯಾಡೋಸ್ ಮತ್ತು ಕಿಂಗ್‌ಡಮ್ ಕಮ್ 2

2025ರಲ್ಲಿ ಒಂದೂವರೆ ತಿಂಗಳ ಅಂತರದಲ್ಲಿ ಬಂದ ಈ ಎರಡು ಗೇಮ್‌ಗಳ ಬಗ್ಗೆಯೇ ಜಗಳ ಜಾಸ್ತಿ. ಕಿಂಗ್‌ಡಮ್ ಕಮ್ ಡೆಲಿವರೆನ್ಸ್ 2 ಫೆಬ್ರವರಿಯಲ್ಲಿ, ಶ್ಯಾಡೋಸ್ ಮಾರ್ಚ್‌ನಲ್ಲಿ. ಎರಡೂ ದೊಡ್ಡ ಗೇಮ್. ಎರಡಕ್ಕೂ ಕಂಪ್ಯೂಟರಿನಲ್ಲಿ ನೂರು ಜಿಬಿಯ ಆಸುಪಾಸು ಜಾಗ ಬೇಕು. ಜೋರು ಮಳೆಯಲ್ಲಿ ಕರೆಂಟು ಹೋಗಿ ಬರುವ ಊರಿನವರು ಡೌನ್‌ಲೋಡ್‌ಗೆ ಎರಡು ಮೂರು ದಿನ ಇಟ್ಟುಕೊಳ್ಳಿ.

ಶ್ಯಾಡೋಸ್‌ನಲ್ಲಿ ಇಬ್ಬರು ನಾಯಕರು. ನಾವೋಯೆ ಇಗಾ ಪ್ರದೇಶದ ಶಿನೊಬಿ (ಗುಟ್ಟಾಗಿ ಕೆಲಸ ಮಾಡುವ ನಿಂಜಾ) ಹುಡುಗಿ, ಕಲ್ಪನೆಯ ಪಾತ್ರ. ಯಾಸುಕೆ ಆಫ್ರಿಕಾದವನು, ಇತಿಹಾಸದಲ್ಲಿ ಇದ್ದವನು. ನನ್ನ ಅಳಿಯ ತುರುಕಿದ್ದು ಅಂದದ್ದು ನಿಜವಾಗಿ ಬದುಕಿದ್ದ ಮನುಷ್ಯನನ್ನು. ಅಲೆಸ್ಸಾಂಡ್ರೊ ವ್ಯಾಲಿನ್ಯಾನೊ ಅನ್ನುವ ಜೆಸ್ಯೂಟ್ ಪಾದ್ರಿಯ ಜೊತೆ 1579ರಲ್ಲಿ ಯಾಸುಕೆ ಜಪಾನಿಗೆ ಬಂದ. 1581ರಲ್ಲಿ ಜಪಾನಿನ ಬಲಿಷ್ಠ ದೊರೆ ಓಡಾ ನೊಬುನಾಗಾ ಅವನನ್ನು ನೋಡಿದ. ಮೈಗೆ ಮಸಿ ಬಳಿದಿದ್ದಾರೆ ಅಂದುಕೊಂಡು ತೊಳೆಸಿಯೂ ನೋಡಿದ. ಆಮೇಲೆ ತನ್ನ ಸೇವೆಗೆ ಇಟ್ಟುಕೊಂಡು ಮನೆ, ಸಂಬಳ, ಕತ್ತಿ ಕೊಟ್ಟ ಅನ್ನುವ ದಾಖಲೆ ಇದೆ. 1582ರಲ್ಲಿ ಹೊನ್ನೋಜಿ ಅನ್ನುವ ಮಂದಿರದಲ್ಲಿ ನೊಬುನಾಗಾ ಸತ್ತ ಮೇಲೆ ಯಾಸುಕೆಯ ಸುಳಿವು ಬೇಗ ಮುಗಿಯುತ್ತದೆ. ಅವನನ್ನು ಸಮುರಾಯ್ ಅನ್ನಬಹುದೇ ಅನ್ನುವುದರ ಬಗ್ಗೆ ಚರ್ಚೆ ಇದೆ, ಇರಲಿ. ಅವನು ಅಲ್ಲಿ ಇದ್ದದ್ದರ ಬಗ್ಗೆ ಚರ್ಚೆ ಇಲ್ಲ.

ಈ ಕಥೆ ನಮಗೆ ದೂರದ್ದೂ ಅಲ್ಲ. ವ್ಯಾಲಿನ್ಯಾನೊ ಜಪಾನಿಗೆ ಹೋಗುವ ಮೊದಲು 1574ರಲ್ಲಿ ಬಂದಿಳಿದದ್ದು ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದಲ್ಲಿ. ಕಾರವಾರದಿಂದ ಸದಾಶಿವಗಡ, ಮಾಜಾಳಿ ದಾಟಿದರೆ ಗೋವಾ. ಅದೇ ಪೋರ್ಚುಗೀಸರ ಹಡಗುಗಳು ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ಗೋವಾಕ್ಕೆ ತಂದವು. ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವತ್ತು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ ಕಡೆ ಇದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ನಾಳೆ ಯಾರೋ ಯಲ್ಲಾಪುರದ ಕಾಡಿನ ಕಥೆಯ ಗೇಮ್ ಮಾಡಿ ಅದರಲ್ಲಿ ಸಿದ್ದಿ ನಾಯಕನನ್ನು ಇಟ್ಟರೆ, ದೂರದ ಊರಿನ ಆಟಗಾರ ಏನನ್ನುತ್ತಾನೆ? ಕರ್ನಾಟಕದ ಹಳ್ಳಿಯಲ್ಲಿ ಆಫ್ರಿಕಾದವನನ್ನು ತುರುಕಿದ್ದಾರೆ ಅನ್ನುತ್ತಾನೆ. ಅಳಿಯನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನ ರೂಮ್‌ಮೇಟ್ ಪಕ್ಕದಲ್ಲೇ ಇದ್ದ.

ಹಾಗಂತ ಗೇಮ್‌ಗೆ ಪೂರ್ತಿ ಅಂಕ ಕೊಡಲಾರೆ. ಯಾಸುಕೆಗೆ ಇತಿಹಾಸ ಇದೆ, ಪದ್ಯ ಕಡಿಮೆ. ಶುರುವಿನಲ್ಲಿ ಪೋರ್ಚುಗೀಸರ ಜೊತೆ ದುಭಾಷಿಯಾಗಿ, ದಿಯೋಗೊ ಅನ್ನುವ ಹೆಸರಿನಲ್ಲಿ ಬರುವ ಭಾಗ ಚೆನ್ನಾಗಿದೆ. ಆಮೇಲೆ ಹಲವು ತಾಸು ಅವನು ಕೈಗೇ ಸಿಗುವುದಿಲ್ಲ. ಸಿಕ್ಕ ಮೇಲೂ ಬಹಳಷ್ಟು ಕೆಲಸಗಳನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಮಾಡಿಸಬಹುದು. ಆಟಗಾರನಿಗೆ ಅದು ಅನುಕೂಲ, ಕಥೆಗೆ ನಷ್ಟ. ಯಾರು ನಿಂತರೂ ಹೊಂದುವ ಮಾತು ಬರೆದರೆ ಅದು ಯಾರ ಮಾತೂ ಆಗುವುದಿಲ್ಲ, ಅಲ್ವಾ? ನಾವೋಯೆಯ ಮನೆತನದ ಕಥೆಗೆ ಇರುವ ತೂಕ ಯಾಸುಕೆಯ ಒಳಗಿನ ಕಥೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಇನ್ನು ಯಾರ ಕಥೆಯೋ ಅವರನ್ನು ಕೇಳುವ ವಿಷಯ. ಜಪಾನಿನ ಒಂದು ಇತಿಹಾಸ ಪ್ರದರ್ಶನ ತಂಡದ ಬಾವುಟವನ್ನು ಕೇಳದೆ ಚಿತ್ರದಲ್ಲಿ ಬಳಸಿ ಗೇಮ್ ತಂಡ ಕ್ಷಮೆ ಕೇಳಬೇಕಾಯಿತು. ಜಪಾನಿನವರು ಬೇಸರಪಟ್ಟದ್ದರಲ್ಲಿ ಇಂಥ ನ್ಯಾಯವಾದ ಕಾರಣಗಳೂ ಇದ್ದವು. ಅದನ್ನೂ ಯಾಸುಕೆಯ ಬಣ್ಣದ ಮೇಲಿನ ಸಿಟ್ಟನ್ನೂ ಒಂದೇ ಚೀಲಕ್ಕೆ ಹಾಕಬಾರದು.

ಈಗ ಕಿಂಗ್‌ಡಮ್ ಕಮ್ 2. ಝೆಕ್ ದೇಶದ ತಂಡ ಮಾಡಿದ್ದು. ಕಥೆ ನಡೆಯುವುದು 1403ರ ಬೊಹೀಮಿಯಾದಲ್ಲಿ, ಅಂದರೆ ಇವತ್ತಿನ ಝೆಕ್ ನೆಲದಲ್ಲಿ. 2018ರಲ್ಲಿ ಮೊದಲ ಭಾಗ ಬಂದಾಗ ಬಿಳಿಯರಲ್ಲದವರು ಇಲ್ಲ ಅನ್ನುವ ಟೀಕೆ ಬಂತು. ಎರಡನೆಯ ಭಾಗದಲ್ಲಿ ಆಫ್ರಿಕಾದ ಮಾಲಿಯಿಂದ ಬಂದ ಮೂಸಾ ಅನ್ನುವ ಪಂಡಿತ ಇದ್ದಾನೆ. ಆಗ ಟೀಕೆಗೆ ಬಗ್ಗಿ ತುರುಕಿದರು ಅನ್ನುವ ಕೂಗು ಬಂತು. ಇತ್ತ ಬಂದರೂ ತಪ್ಪು, ಅತ್ತ ಹೋದರೂ ತಪ್ಪು.

ನಾನು ಆಡಿ ನೋಡಿದಂತೆ ಮೂಸಾಗೆ ಪದ್ಯ ಇದೆ. ಅವನು ರಾಜನ ಸೇನೆಯ ಬಿಡಾರದಲ್ಲಿ ಇರುವುದಕ್ಕೆ ಕಾರಣ ಇದೆ. ಸುತ್ತಲಿನವರು ಅವನನ್ನು ಬಿಟ್ಟ ಕಣ್ಣಿನಿಂದ ನೋಡುತ್ತಾರೆ, ಅದೂ ಸಹಜ. ಅವನು ತನ್ನ ಊರಿನ ರೀತಿಯನ್ನು ಇಲ್ಲಿಯದರ ಜೊತೆ ಹೋಲಿಸುವ ಒಂದೆರಡು ಕಡೆ ಮಾತ್ರ ಮಾತು ಪಾಠದಂತೆ ಕೇಳುತ್ತದೆ. ಅಷ್ಟೇ. ಕುಟೆನ್‌ಬರ್ಗ್ ಅನ್ನುವ ಊರು ಇನ್ನೂ ಚೆನ್ನಾಗಿದೆ. ಅದು ಬೆಳ್ಳಿ ಗಣಿಯ ಊರು. ಬೆಳ್ಳಿ ಇದ್ದಲ್ಲಿಗೆ ಎಲ್ಲ ಕಡೆಯ ಜನ ಬರುತ್ತಾರೆ. ಯಹೂದಿಗಳ ಕೇರಿಯೂ ಅಲ್ಲಿದೆ. ನಾಯಕ ಹೆನ್ರಿ ಮತ್ತು ಅವನ ಗೆಳೆಯ ಹಾನ್ಸ್ ನಡುವಿನ ಪ್ರೀತಿಯ ಬಗ್ಗೆಯೂ ಗಲಾಟೆಯಾಯಿತು. ಅದು ನೀವು ಆರಿಸಿದರೆ ಮಾತ್ರ ಬರುತ್ತದೆ, ಬೇಡ ಅಂದರೆ ಗೆಳೆತನವಾಗಿಯೇ ಉಳಿಯುತ್ತದೆ.

ಆ ಕಾಲದಲ್ಲಿ ಮಾಲಿಯವನು ಅಷ್ಟು ದೂರ ಹೋಗಲು ಸಾಧ್ಯವೇ ಅಂತ ಅಳಿಯ ಕೇಳಿದ. ಅವನಿಗೆ ಹೊನ್ನಾವರದ ಕಥೆ ಹೇಳಿದೆ. ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತಾ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ, ಬೇರೆಲ್ಲೂ ಇಂಥದ್ದು ಕಂಡಿಲ್ಲ ಅಂತ ಬರೆದ. ಅದೇ ಮನುಷ್ಯ ಸುಮಾರು ಹತ್ತು ವರ್ಷ ಕಳೆದು ಮಾಲಿಗೂ ಹೋಗಿಬಂದ. ಶರಾವತಿಯ ನೀರು ಕುಡಿದವನು ನೈಜರ್ ನದಿಯನ್ನೂ ನೋಡಿದ. ಮೂಸಾ ಕಲ್ಪನೆಯ ಪಾತ್ರವೇ ಇರಬಹುದು. ಆದರೆ ಜನ ಅಷ್ಟು ದೂರ ಓಡಾಡುತ್ತಿದ್ದದ್ದು ಕಲ್ಪನೆಯಲ್ಲ. ಹದಿನಾಲ್ಕನೇ ಶತಮಾನದ ಹೊನ್ನಾವರದ ಹುಡುಗಿಯರು ಶಾಲೆಗೆ ಹೋಗುವುದನ್ನು ಗೇಮ್‌ನಲ್ಲಿ ತೋರಿಸಿದರೆ ಎಷ್ಟು ಜನ ಅದನ್ನು ನಂಬುತ್ತಾರೆ?

ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಒಂದು ಆಸೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಥೆ ಗೇಮ್ ಆಗಬೇಕು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತ ಕರೆದರು. ಆ ಕಥೆಯಲ್ಲಿ ಜೈನರು, ಕೊಂಕಣಿಗರು, ಅರಬ್ಬರು, ಪೋರ್ಚುಗೀಸರು, ಗುಡ್ಡದ ಮೇಲೆ ಮೆಣಸು ಬೆಳೆಯುವವರು, ಹೊಳೆಯಲ್ಲಿ ದೋಣಿ ನಡೆಸುವವರು ಎಲ್ಲರೂ ಬರಲೇಬೇಕು. ಒಬ್ಬರನ್ನು ತೆಗೆದರೂ ಮೆಣಸು ಹಡಗು ಹತ್ತುವುದಿಲ್ಲ. ವೈವಿಧ್ಯ ಅಂದರೆ ನನಗೆ ಇಂಥದ್ದು.

ನಮ್ಮದೇ ಘಟ್ಟ, ನಮ್ಮದೇ ಇಡ್ಲಿ

ಉಳಿದ ಮೂರು ಗೇಮ್‌ಗಳಲ್ಲಿ ಹೊರಗಿನವರಾಗಿ ಕಾಣುವ ಸರದಿ ನಮ್ಮದು. ಇದನ್ನೂ ಅಳಿಯ ಯೋಚಿಸಿರಲಿಲ್ಲ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಭಾರತದ ಪಾತ್ರ ಅಂದರೆ ಧಾಲ್ಸಿಮ್. ಕೊರಳಲ್ಲಿ ತಲೆಬುರುಡೆಗಳ ಸರ, ಬಾಯಲ್ಲಿ ಬೆಂಕಿ, ರಬ್ಬರಿನಂತೆ ಉದ್ದವಾಗುವ ಕೈಕಾಲು. ನಾವೆಲ್ಲ ಅದನ್ನು ಆಡಿ ಬೆಳೆದೆವು. ಅವನನ್ನು ತುರುಕಿದ್ದಾರೆ ಅಂತ ಯಾರೂ ಜಗಳ ಮಾಡಲಿಲ್ಲ.

ಅನ್‌ಚಾರ್ಟೆಡ್ ದಿ ಲಾಸ್ಟ್ ಲೆಗಸಿ 2017ರದ್ದು. ಅದು ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹುಡುಕುವುದು ಹೊಯ್ಸಳರ ಕಾಲದ ಗಣೇಶನ ದಂತ. ಬೇಲೂರು, ಹಳೇಬೀಡಿನ ಹೆಸರುಗಳು ಬರುತ್ತವೆ. ಗಣೇಶನ ದಂತ ಮುರಿದ ಪರಶುರಾಮನ ಕಥೆ ಬರುತ್ತದೆ. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಕಥೆ ಕೇಳಿ ಬೆಳೆದ ಕರಾವಳಿಯವನಿಗೆ ಅದನ್ನು ಆಡುವಾಗ ಆಗುವ ಖುಷಿಯೇ ಬೇರೆ. ನಾಯಕಿ ಕ್ಲೋಯಿ ಅರ್ಧ ಭಾರತೀಯಳು. ತಂದೆಯ ಕೆಲಸವನ್ನು ಹುಡುಕಿಕೊಂಡು ಬಂದವಳು. ಜೊತೆಗಾತಿ ನೇಡೀನ್ ದಕ್ಷಿಣ ಆಫ್ರಿಕಾದವಳು. ಇಬ್ಬರಿಗೂ ಬೇಕಾದಷ್ಟು ಪದ್ಯ ಇದೆ, ಒಬ್ಬರನ್ನೊಬ್ಬರು ನಂಬದೆ ಶುರುವಾಗಿ ಗೆಳತಿಯರಾಗುವ ದಾರಿ ಇದೆ. ಹೆಣ್ಣು ನಾಯಕಿಯರು ಅಂತ ಆಡುವಾಗ ನೆನಪೇ ಬರುವುದಿಲ್ಲ.

ಆದರೆ ಊರಿನವನ ಕಣ್ಣಿಗೆ ಕೊರತೆ ಕಾಣುತ್ತದೆ. ನಿಜವಾದ ಬೇಲೂರು ಹಳೇಬೀಡು ನೋಡಿದವರಿಗೆ ಗೇಮ್‌ನ ಹೊಯ್ಸಳ ನಗರ ಪರಿಚಯದ್ದು ಅನ್ನಿಸುವುದಿಲ್ಲ. ನಮ್ಮ ಹೆಮ್ಮೆ ಬಳಪದ ಕಲ್ಲಿನ ಕುಸುರಿ, ಅವರದ್ದು ಬೆಟ್ಟದಂಥ ವಿಗ್ರಹಗಳು. ಕಪ್ಪು ಬಣ್ಣದ ನೇಡೀನ್‌ಗೆ ದನಿ ಕೊಟ್ಟವರು ಬಿಳಿಯ ನಟಿ ಅನ್ನುವ ಟೀಕೆಯೂ ಬಂತು. ಇದರ ಬಗ್ಗೆ ನನಗೆ ಎರಡು ಮನಸ್ಸಿದೆ. ಯಕ್ಷಗಾನದಲ್ಲಿ ಗಂಡಸರು ಕಟ್ಟಿದ ಸ್ತ್ರೀವೇಷಗಳನ್ನು ನೋಡಿ ಕಣ್ಣೀರು ಹಾಕಿದವನು ನಾನು. ಒಬ್ಬರು ಇನ್ನೊಬ್ಬರ ವೇಷ ಕಟ್ಟುವುದೇ ತಪ್ಪು ಅಂತ ಹೇಳಲಾರೆ. ಹಾಗೆಯೇ ಈಗ ಹೆಂಗಸರೇ ಗೆಜ್ಜೆ ಕಟ್ಟಿ ರಂಗಕ್ಕೆ ಬಂದಾಗ ಹಿಂದೆ ಎಷ್ಟೊಂದು ಜನರಿಗೆ ಆ ಬಾಗಿಲು ಮುಚ್ಚಿತ್ತು ಅನ್ನುವುದೂ ಕಾಣುತ್ತದೆ.

ವೆನ್ಬಾ 2023ರ ಪುಟ್ಟ ಗೇಮ್. ಎರಡು ತಾಸಿನೊಳಗೆ ಮುಗಿಯುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಕೆನಡಾಕ್ಕೆ ಹೋದ ತಮಿಳು ಕುಟುಂಬದ ತಾಯಿ, ಹರಿದುಹೋದ ಅಡುಗೆ ಪುಸ್ತಕ, ಮನೆಯ ಭಾಷೆಯಿಂದ ದೂರವಾಗುವ ಮಗ. ಮೊದಲ ಅಡುಗೆಯೇ ಇಡ್ಲಿ. ತಟ್ಟೆಗಳನ್ನು ಹೇಗೆ ಜೋಡಿಸಬೇಕು ಅನ್ನುವುದೇ ಒಗಟು. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ತಟ್ಟೆ ತಿರುಗಿಸಿ ಇಡೋ, ಮೇಲಿನದಕ್ಕೆ ಆವಿ ಹೋಗಬೇಕಲ್ಲ" ಅಂದಳು. ಅವಳು ಜೀವನದಲ್ಲಿ ಗೇಮ್ ನೋಡಿದ್ದು ಅದೇ ಮೊದಲು. ಮಾಡಿದವರು ಕೆನಡಾದ ತಮಿಳರು, ಅವರದೇ ಮನೆಯ ಕಥೆ. ಹಾಗಾಗಿ ಯಾರನ್ನು ಕೇಳಿದರು ಅನ್ನುವ ಪ್ರಶ್ನೆಯೇ ಬರುವುದಿಲ್ಲ. 2024ರಲ್ಲಿ ಹೊಸಬರ ಮೊದಲ ಗೇಮ್‌ಗೆ ಕೊಡುವ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಇದಕ್ಕೆ ಬಂತು. ಕನ್ನಡದಲ್ಲಿ ಇಂಥದ್ದೊಂದು ಬಂದಿದ್ದರೆ ಅಂತ ಆಡಿ ಮುಗಿಸಿದ ಮೇಲೂ ಅನ್ನಿಸುತ್ತಲೇ ಇತ್ತು.

ರಾಜಿ 2020ರದ್ದು, ಪುಣೆಯ ತಂಡದ್ದು. ತಮ್ಮನನ್ನು ಹುಡುಕಿ ಹೊರಟ ಹುಡುಗಿ ಅಸುರರ ಜೊತೆ ಹೋರಾಡುತ್ತಾಳೆ. ಕಥೆಯ ನಡುನಡುವೆ ಬರುವ ಗೊಂಬೆಯಾಟದ ನೆರಳಿನ ದೃಶ್ಯಗಳು ತೊಗಲುಗೊಂಬೆ ನೋಡಿದವರಿಗೆ ತುಂಬಾ ಹಿಡಿಸುತ್ತವೆ. ಹೊಡೆದಾಟ ಸ್ವಲ್ಪ ಒರಟು. ನಾಯಕಿ ಹುಡುಗಿ ಯಾಕೆ ಅಂತ ಅಳಿಯನೂ ಕೇಳಲಿಲ್ಲ.

ಹತ್ತಾರು ವೀರರು ಒಟ್ಟಿಗೆ ಹೊಡೆದಾಡುವ ಓವರ್‌ವಾಚ್‌ನಂಥ ಗೇಮ್‌ಗಳನ್ನು ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಅಲ್ಲಿ ಹೈದರಾಬಾದಿನ ಸಿಮೆಟ್ರಾ ಇದ್ದಾಳೆ, ಒಳ್ಳೆಯದೇ. ಆದರೆ ಪಂದ್ಯದ ಗಡಿಬಿಡಿಯಲ್ಲಿ ಯಾರಿಗೂ ಪದ್ಯ ಸಿಗುವುದಿಲ್ಲ.

ಯಾರಿಗೆ ಯಾವುದು

ಕತ್ತಿ ಕಾಳಗ ಇಷ್ಟ, ಅವಸರವಿಲ್ಲ, ಒಂದು ಊರಿನೊಳಗೆ ತಿಂಗಳುಗಟ್ಟಲೆ ಇರಬೇಕು ಅನ್ನುವವರು ಕಿಂಗ್‌ಡಮ್ ಕಮ್ 2 ತೆಗೆದುಕೊಳ್ಳಿ. ನಾನು ಒಂದನ್ನೇ ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ. ಜಪಾನಿನ ಋತುಗಳು, ಬೆಟ್ಟ ಹೊಳೆ ನೋಡುವ ಆಸೆ ಇದ್ದರೆ ಶ್ಯಾಡೋಸ್. ಅದನ್ನು ಯಾಸುಕೆಯ ಕಾರಣಕ್ಕೆ ಬಿಡಬೇಡಿ. ಬಿಡುವುದಾದರೆ ಕಥೆ ಸಡಿಲ ಅನ್ನುವ ಕಾರಣಕ್ಕೆ ಬಿಡಿ. ಎಂಟು ಹತ್ತು ತಾಸಿನಲ್ಲಿ ಮುಗಿಯುವ ಸಾಹಸ ಸಾಕು ಅನ್ನುವವರಿಗೆ ಲಾಸ್ಟ್ ಲೆಗಸಿ. ಅದರ ಕಂಪ್ಯೂಟರ್ ಆವೃತ್ತಿ 2022ರಲ್ಲಿ ಅನ್‌ಚಾರ್ಟೆಡ್ 4ರ ಜೊತೆ ಒಟ್ಟಿಗೆ ಬಂದಿದೆ. ದುಡ್ಡು ಕಡಿಮೆ, ಕಂಪ್ಯೂಟರ್ ಹಳೆಯದು ಅಂದರೆ ವೆನ್ಬಾ, ಮನೆಯವರ ಜೊತೆ ಕೂತು ಆಡಿ. ತಮ್ಮ ತಂಗಿಯರಿಗೆ ಕೊಡುವುದಾದರೆ ರಾಜಿ.

ಅಳಿಯ ಕೊನೆಗೆ ಕಿಂಗ್‌ಡಮ್ ಕಮ್ 2 ಕೊಂಡ. ರೂಮ್‌ಮೇಟ್ ವೆನ್ಬಾ ಆಡಿ, ಅಮ್ಮನಿಗೆ ಫೋನ್ ಮಾಡಿದನಂತೆ. ಶ್ಯಾಡೋಸ್ ಅನ್ನು ಇಬ್ಬರೂ ಇನ್ನೊಬ್ಬ ಗೆಳೆಯನ ಮನೆಯಲ್ಲಿ ಒಂದು ವಾರ ಆಡಿದ್ದಾರೆ. ಅಳಿಯನಿಗೆ ಅದು ಈಗಲೂ ಅಷ್ಟಾಗಿ ಹಿಡಿಸಿಲ್ಲ. ಯಾಕೋ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ.

"ಯಾಸುಕೆಗೆ ಪದ್ಯ ಸಾಲದು ಮಾವ. ಇವನೂ ಹಾಗೇ ಅಂತಾನೆ" ಅಂದ.